ಮಂಚದ ಕೆಳಗಿನ ನಾಲ್ಕು ಇಟ್ಟಿಗೆ

ರಾತ್ರಿ 2 ಗಂಟೆಗೆ ಕೆಮ್ಮು ಎಬ್ಬಿಸುತ್ತಿತ್ತು. ಮನೆಯವರಿಗೆ ಎಚ್ಚರ ಆಗದಿರಲಿ ಅಂತ ಬಾಯಿಗೆ ಸೆರಗು ಒತ್ತಿಕೊಂಡು, ಗೋಡೆಗೆ ಒರಗಿ ಕೂತು ಕೆಮ್ಮುತ್ತಿದ್ದೆ. ಅವರಿಗೆ ಎಚ್ಚರ ಆಗೇ ಆಗುತ್ತಿತ್ತು. ಎದ್ದು ಬಿಸಿನೀರು ತಂದುಕೊಡುತ್ತಿದ್ದರು.

23ನೇ ವಯಸ್ಸಿನಲ್ಲಿ ನನಗೆ ಟಿಬಿ ಬಂದಿತ್ತು. 6 ತಿಂಗಳು ಮಾತ್ರೆ ತಿಂದು ವಾಸಿಯಾಯಿತು. ಆದರೆ ಎಡ ಶ್ವಾಸಕೋಶದ ಕೆಳಭಾಗದಲ್ಲಿ ಉಸಿರಿನ ಕೊಳವೆಗಳು ಹಿಗ್ಗಿ ಹಾಗೇ ಉಳಿದವು. ಬ್ರಾಂಕಿಎಕ್ಟಾಸಿಸ್ ಅನ್ನುತ್ತಾರೆ. ಅಲ್ಲಿ ಕಫ ನಿಲ್ಲುತ್ತದೆ, ಸೋಂಕು ಬೇಗ ಹತ್ತುತ್ತದೆ. ಈಗ ನನಗೆ 51. ಹಾಗಾಗಿ ರಾತ್ರಿ ಕೆಮ್ಮು ಅಂದರೆ ಎದೆಯದ್ದೇ ಅಂದುಕೊಂಡಿದ್ದೆ. ಸಿರಪ್ ಮೇಲೆ ಸಿರಪ್ ಕುಡಿದೆ.

ಹೊಸ ಡಾಕ್ಟರು ಮಾತ್ರ ಬೇರೆ ಪ್ರಶ್ನೆ ಕೇಳಿದರು. "ಬೆಳಿಗ್ಗೆ ಬಾಯಿ ಹುಳಿ ಹುಳಿ ಇರುತ್ತಾ? ರಾತ್ರಿ ಊಟ ಎಷ್ಟು ಗಂಟೆಗಮ್ಮ?" ಎದೆ ಉರಿ ನನಗೆ ಅಷ್ಟಾಗಿ ಇರಲಿಲ್ಲ. ಹುಳಿ ಬಾಯಿ, ಒಡೆದ ದನಿ, ಎರಡೂ ಇದ್ದವು. ಊಟ ಹತ್ತು ಗಂಟೆಗೆ, ಅವರು ಅಂಗಡಿ ಮುಚ್ಚಿ ಬಂದ ಮೇಲೆ. ಹತ್ತೂವರೆಗೆ ಹಾಸಿಗೆ. ಮಲಗಿದಾಗ ಹೊಟ್ಟೆಯಲ್ಲಿರುವುದು ಗಂಟಲವರೆಗೆ ಬಂದು, ಒಂದೊಂದು ಹನಿ ಉಸಿರಿನ ಕೊಳವೆಗೂ ಇಳಿಯಬಹುದಂತೆ. ಕೆಮ್ಮಿದರೆ ಹೊಟ್ಟೆಯ ಮೇಲೆ ಒತ್ತಡ ಬಿದ್ದು ಇನ್ನಷ್ಟು ಮೇಲೆ ಬರುತ್ತದೆ. ಒಂದಕ್ಕೊಂದು ಕೊಂಡಿ ಅಲ್ವಾ?

ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಕೊಟ್ಟರು. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಅದು ಹೊಟ್ಟೆಯ ಆಮ್ಲವನ್ನು ಕಡಿಮೆ ಮಾಡುತ್ತದೆ ಅಷ್ಟೇ, ಮೇಲೆ ಬರುವುದನ್ನು ತಡೆಯುವುದಿಲ್ಲ. ಅದಕ್ಕೇ ಇಟ್ಟಿಗೆ.

ಮೊದಲು ಮೂರು ದಿಂಬು ಇಟ್ಟು ನೋಡಿದೆ. ಕತ್ತು ನೋವು ಬಂತು. ನಡು ಮಡಚಿ ಹೊಟ್ಟೆ ಅಮುಕಿ, ಹುಳಿ ತೇಗು ಜಾಸ್ತಿಯೇ ಆಯಿತು. ತಲೆ ಒಂದೇ ಅಲ್ಲ, ಸೊಂಟದಿಂದ ಮೇಲಕ್ಕೆ ಪೂರ್ತಿ ಇಳಿಜಾರು ಬೇಕು. ಮಂಚದ ತಲೆ ಕಡೆಯ ಎರಡು ಕಾಲಿನ ಕೆಳಗೂ ಎರಡೆರಡು ಇಟ್ಟಿಗೆ ಇಟ್ಟೆವು. ಸುಮಾರು 6 ಇಂಚು ಎತ್ತರ. ಆಮೇಲೆ ಬಡಗಿಯಿಂದ, ಮಂಚದ ಕಾಲು ಜಾರದ ಹಾಗೆ ನಡುವೆ ಗುಳಿ ತೋಡಿದ ಎರಡು ಮರದ ದಿಮ್ಮಿ ಮಾಡಿಸಿದೆವು.

ಇನ್ನೊಂದು ತೊಡಕಿತ್ತು. ಎಡಗಡೆ ಮಲಗಿದರೆ ಹೊಟ್ಟೆ ಅನ್ನನಾಳಕ್ಕಿಂತ ಕೆಳಗೆ ಉಳಿಯುತ್ತದೆ, ಆಮ್ಲ ಕಡಿಮೆ ಬರುತ್ತದೆ. ಆದರೆ ನನ್ನ ಎಡ ಶ್ವಾಸಕೋಶದ ಕಫ ಇಳಿದು ಬರಬೇಕಾದರೆ ಬಲಗಡೆ ಮಲಗಬೇಕು! ಹಿಂದೆ ಕಲಿಸಿದಂತೆ ಸೊಂಟದ ಕೆಳಗೆ ದಿಂಬಿಟ್ಟು, ತಲೆ ತಗ್ಗಿಸಿ, ಊಟವಾದ ಮೇಲೆ ಕಫ ತೆಗೆಯುತ್ತಿದ್ದೆ. ತಲೆ ತಗ್ಗಿಸಿದರೆ ಹೊಟ್ಟೆಯದು ಮೇಲೆ ಬರುತ್ತದೆ ಅಂತ ಫಿಸಿಯೋಥೆರಪಿಯವರು ಅದನ್ನು ಬಿಡಿಸಿದರು. ಈಗ ಸಂಜೆ ಆರಕ್ಕೆ, ಖಾಲಿ ಹೊಟ್ಟೆಯಲ್ಲಿ, ಕೂತೇ ದೀರ್ಘವಾಗಿ ಉಸಿರೆಳೆದು, ಕನ್ನಡಿಗೆ ಆವಿ ಊದುವ ಹಾಗೆ ಹಾ ಅಂತ ಬಿಡುತ್ತೇನೆ. ಕಫ ಬರುತ್ತದೆ. ಕಫದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಕಾಯದೆ ಆಸ್ಪತ್ರೆಗೆ ಹೋಗುತ್ತೇನೆ. ನೀವೂ ಹೋಗಿ.

ಊಟ ಈಗ ಏಳಕ್ಕೆ. ಚಿಕ್ಕ ಮುದ್ದೆ, ಖಾರ ಕಡಿಮೆ ಹಾಕಿದ ಸಾರು. ರಾತ್ರಿ ಬಜ್ಜಿ ಇಲ್ಲ. ಒಬ್ಬಳೇ ತಟ್ಟೆ ಮುಂದೆ ಕೂತಾಗ ಮೊದಲ ವಾರ ಅಳು ಬಂತು, ಮೂವತ್ತು ವರ್ಷ ಜೊತೆಗೇ ಉಂಡವರು ನಾವು. ಈಗ ಅವರು ಏಳಕ್ಕೆ ಅಂಗಡಿಯನ್ನು ಹುಡುಗನಿಗೆ ಒಪ್ಪಿಸಿ ಬಂದು, ಉಂಡು ಹೋಗುತ್ತಾರೆ.

ಮೂರು ವಾರದ ನಂತರ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದೆ. ಕೆಮ್ಮು ಪೂರ್ತಿ ಹೋಗಿಲ್ಲ. ಹೋದ ತಿಂಗಳು ತಂಗಿ ಮನೆಯಲ್ಲಿ ತಡವಾಗಿ ಹೋಳಿಗೆ ಉಂಡು, ಸಮತಟ್ಟಾದ ಮಂಚದ ಮೇಲೆ ಮಲಗಿದೆ. ಮತ್ತೆ 2 ಗಂಟೆಗೆ ಎಚ್ಚರ. ಮುಂದಿನ ಸಲ ಆ ಎರಡು ದಿಮ್ಮಿಯನ್ನು ಬಟ್ಟೆಯ ಜೊತೆ ಚೀಲಕ್ಕೆ ಹಾಕಿಕೊಳ್ಳುತ್ತೇನೆ.