ಬ್ರೇಕ್ ಡಿಸ್ಕ್: ಸಾದಾ, ತೂತಿನದು, ಗೀರಿನದು

ಚಕ್ರದ ಜೊತೆ ತಿರುಗುವ, ಬ್ರೇಕ್ ಪ್ಯಾಡ್ ಒತ್ತಿ ಹಿಡಿಯುವ ತಟ್ಟೆಯೇ ಬ್ರೇಕ್ ಡಿಸ್ಕ್, ಅಂದರೆ ರೋಟರ್. ಅದನ್ನು ಬದಲಿಸುವಾಗ ಕಣ್ಣು ಮೊದಲು ಹೋಗುವುದು ತೂತು ಕೊರೆದ ಡಿಸ್ಕ್ ಮೇಲೆ. ದಿನಬಳಕೆಯ ಕಾರಿಗೆ ಅದು ಬೇಕಿಲ್ಲ. ಒಳ್ಳೆಯ ಬೀಡು ಕಬ್ಬಿಣದ ಸಾದಾ ಡಿಸ್ಕ್ ಸಾಕು, ಬಾಳಿಕೆಯಲ್ಲಿ ಅದೇ ಮೇಲು.

ನಿಜಕ್ಕೂ ಮುಖ್ಯವಾದ ವ್ಯತ್ಯಾಸ ಸಾಲಿಡ್ (ಒಂದೇ ಗಟ್ಟಿ ತಟ್ಟೆ) ಮತ್ತು ವೆಂಟಿಲೇಟೆಡ್ (ನಡುವೆ ಗಾಳಿ ಹಾಯುವ ಜೋಡಿ ತಟ್ಟೆ) ನಡುವಿನದು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚು ಶಾಖ ಹುಟ್ಟುವುದು ಮುಂದಿನ ಚಕ್ರಗಳಲ್ಲೇ. ಅದಕ್ಕೇ ಸಾಮಾನ್ಯವಾಗಿ ಮುಂದೆ 20–25 ಮಿ.ಮೀ. ದಪ್ಪದ ವೆಂಟಿಲೇಟೆಡ್, ಹಿಂದೆ 10 ಮಿ.ಮೀ. ಆಸುಪಾಸಿನ ಸಾಲಿಡ್. ವೆಂಟಿಲೇಟೆಡ್‌ನಲ್ಲಿ ಎರಡು ತಟ್ಟೆಗಳ ನಡುವೆ ಇರುವ ರೆಕ್ಕೆಗಳು ಗಾಳಿಯನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತವೆ. ರೆಕ್ಕೆ ಬಾಗಿದ್ದರೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಡಿಸ್ಕ್: ಹೊರಅಂಚಿಗೆ ಬರುತ್ತಾ ಅವು ತಿರುಗುವ ದಿಕ್ಕಿಗೆ ಎದುರಾಗಿ, ಹಿಂದಕ್ಕೆ ಬಾಗಿರಬೇಕು. ಮೇಲ್ಮೈಯಲ್ಲಿ ಕೊರೆದ ಗೀರು ನೋಡಿ ದಿಕ್ಕು ಹೇಳುವವರನ್ನು ನಂಬಬೇಡಿ, ಒಳಗಿನ ರೆಕ್ಕೆ ನೋಡಿ.

ಹಳೆಯ ಕಾಲದ ಪ್ಯಾಡ್‌ಗಳು ಕಾದಾಗ ಬಿಡುತ್ತಿದ್ದ ಅನಿಲ ಹೊರಹೋಗಲಿ ಎಂದು ತೂತು ಬಂತು. ಈಗಿನ ಪ್ಯಾಡ್‌ಗಳಲ್ಲಿ ಆ ತೊಂದರೆ ತೀರಾ ಕಡಿಮೆ. ಮಳೆಯಲ್ಲಿ ನೀರು ಬೇಗ ಸರಿಯುತ್ತದೆ, ನಿಜ. ಆದರೆ ಶಾಖ ಹೀರುವ ಲೋಹ ಅಷ್ಟು ಕಡಿಮೆಯಾಯಿತಲ್ಲ! ಪದೇ ಪದೇ ಕಾದು ಆರಿದರೆ ತೂತಿನ ಅಂಚಿನಿಂದಲೇ ಬಿರುಕು ಶುರು. ಬಿರುಕು ಒಂದು ತೂತಿನಿಂದ ಇನ್ನೊಂದಕ್ಕೆ ಅಥವಾ ಡಿಸ್ಕ್‌ನ ಅಂಚಿಗೆ ಮುಟ್ಟಿದರೆ ಅದನ್ನು ಎಸೆಯಿರಿ. ಗೀರಿನ ಡಿಸ್ಕ್ ಇದಕ್ಕಿಂತ ಗಟ್ಟಿ. ಪ್ಯಾಡ್‌ನ ಮೈಯನ್ನು ಕೆರೆದು ಚೊಕ್ಕವಾಗಿಡುತ್ತದೆ, ಬದಲಿಗೆ ಪ್ಯಾಡ್ ಬೇಗ ಸವೆಯುತ್ತದೆ, ಸ್ವಲ್ಪ ಸದ್ದೂ ಇರುತ್ತದೆ.

ಕಾರ್ಬನ್ ಸೆರಾಮಿಕ್ ಡಿಸ್ಕ್ ಕಬ್ಬಿಣದ್ದರ ಸುಮಾರು ಅರ್ಧ ತೂಕ. ಅದಕ್ಕೆಂದೇ ಮಾಡಿದ ಪ್ಯಾಡ್ ಹಾಕಬೇಕು. ಚಕ್ರ ಬಿಚ್ಚುವಾಗ ರಿಮ್ ತಾಗಿದರೆ ಅಂಚು ಚಕ್ಕೆ ಏಳುತ್ತದೆ.

ಇನ್ನು ಸ್ಟೀರಿಂಗ್ ನಡುಗಿದರೆ "ಡಿಸ್ಕ್ ಬೆಂಡ್" ಎಂಬ ತೀರ್ಪು ಸಿದ್ಧವಾಗಿರುತ್ತದೆ. ಬಹಳ ಸಲ ಅದು ಬೆಂಡ್ ಅಲ್ಲ, ದಪ್ಪದ ಏರುಪೇರು. 0.02 ಮಿ.ಮೀ. ವ್ಯತ್ಯಾಸವೇ ಪೆಡಲ್‌ಗೆ ಗೊತ್ತಾಗಬಹುದು. ಹಬ್ (ಡಿಸ್ಕ್, ಚಕ್ರ ಕೂರುವ ಭಾಗ) ಮೇಲೆ ತುಕ್ಕು ಉಳಿದರೆ ಡಿಸ್ಕ್ ಓರೆಯಾಗಿ ಕೂರುತ್ತದೆ, ಪ್ರತಿ ಸುತ್ತಿಗೂ ಒಂದೇ ಜಾಗ ಪ್ಯಾಡ್‌ಗೆ ಉಜ್ಜಿ ತೆಳುವಾಗುತ್ತದೆ. ಆದ್ದರಿಂದ ಹಬ್ಬನ್ನು ತಂತಿ ಬ್ರಷ್‌ನಿಂದ ಲೋಹ ಕಾಣುವವರೆಗೆ ತಿಕ್ಕಿ. ಡಿಸ್ಕ್ ಕೂರಿಸಿ, ನಟ್ ಬಿಗಿದು, ಅಂಚಿನಿಂದ 10 ಮಿ.ಮೀ. ಒಳಗೆ ಡಯಲ್ ಗೇಜ್ (ಸೂಕ್ಷ್ಮ ಓಲಾಟ ತೋರಿಸುವ ಮುಳ್ಳಿನ ಮಾಪಕ) ಇಟ್ಟು, ಡಿಸ್ಕ್ ತಿರುಗಿಸಿ ಓಲಾಟ ಅಳೆಯಿರಿ. ತಯಾರಕರ ಮಿತಿ ಕಾರಿನಿಂದ ಕಾರಿಗೆ ಬೇರೆ, 0.05 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಹೆಚ್ಚಿದ್ದರೆ ಡಿಸ್ಕನ್ನು ಒಂದು ಬೋಲ್ಟ್ ಜಾಗದಷ್ಟು ತಿರುಗಿಸಿ ಮತ್ತೆ ಅಳೆಯಿರಿ. ಚಕ್ರದ ನಟ್‌ಗಳನ್ನು ಟಾರ್ಕ್ (ಬಿಗಿತ ಅಳೆಯುವ) ವ್ರೆಂಚ್‌ನಲ್ಲಿ ಎದುರುಬದುರಾಗಿ ಬಿಗಿಯಿರಿ.

ಹಳೆಯದನ್ನೇ ಉಳಿಸಿಕೊಳ್ಳುವುದಾದರೆ ಡಿಸ್ಕ್ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪ ನೋಡಿ, ಮೈಕ್ರೋಮೀಟರ್‌ನಲ್ಲಿ ಎಂಟು ಕಡೆ ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ಬೇಡ, ಸವೆಯದ ಅಂಚಿನ ಮೇಲೆ ಕೂತು ಹೆಚ್ಚು ತೋರಿಸುತ್ತದೆ.

ಹೊಸ ಡಿಸ್ಕ್‌ನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ತೆಗೆಯಿರಿ. ಒಂದೇ ಆಕ್ಸಲ್‌ನ ಎರಡೂ ಡಿಸ್ಕ್, ಜೊತೆಗೆ ಪ್ಯಾಡ್ ಒಟ್ಟಿಗೇ ಬದಲಾಗಲಿ. ಆಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 15 ಕಿ.ಮೀ. ವೇಗಕ್ಕೆ ಎಂಟು–ಹತ್ತು ಸಲ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ. ಕಾದ ಡಿಸ್ಕ್ ಮೇಲೆ ಪೆಡಲ್ ಒತ್ತಿಕೊಂಡು ನಿಂತರೆ ಪ್ಯಾಡ್‌ನ ಅಚ್ಚು ಅಲ್ಲೇ ಅಂಟಿ, ಹೊಸ ಡಿಸ್ಕೂ ನಡುಗಲು ಶುರುಮಾಡುತ್ತದೆ.