ನಿಂತ ಕಾರಿನ ಬ್ಯಾಟರಿ ಎಲ್ಲಿ ಸೋರುತ್ತಿತ್ತು

ತೀರ್ಥಹಳ್ಳಿ, 12 ಜುಲೈ 2025, ಶನಿವಾರ

ಬೆಳಿಗ್ಗೆಯಿಂದ ಮಳೆ ಒಂದು ಗಳಿಗೆಯೂ ಬಿಡಲಿಲ್ಲ. ಕಾರು ಶೆಡ್ಡಿನೊಳಗೆ ಇದ್ದದ್ದರಿಂದ ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಬ್ಯಾಟರಿ ಯಾಕೆ ಇಳಿಯುತ್ತಿದೆ ಎಂದು ಇವತ್ತು ಪಟ್ಟು ಹಿಡಿದು ಕೂತೆ. ಕಾರಣ ಸಿಕ್ಕಿತು.

ಅಪ್ಪ 2003ರಲ್ಲಿ ಕೊಂಡ ಪುಟ್ಟ ಪೆಟ್ರೋಲ್ ಕಾರು ಇದು. ದಿನಾ ಓಡಿಸಿದರೆ ಒಂದೇ ಹೊಡೆತಕ್ಕೆ ಸ್ಟಾರ್ಟ್. ಎರಡು ದಿನ ನಿಂತರೆ ಸೆಲ್ಫ್ (ಎಂಜಿನ್ ಎಬ್ಬಿಸುವ ಮೋಟರು) ಮುಲುಗುತ್ತದೆ, ಮೂರನೇ ದಿನ ಬರೀ ಟಕ್ ಟಕ್ ಸದ್ದು. ಅಂಗಡಿಯಲ್ಲಿ ತೋರಿಸಿದಾಗೆಲ್ಲ ಒಂದೇ ಉತ್ತರ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ. ಈಗಿರುವುದು ಕಳೆದ ವರ್ಷ ಹಾಕಿಸಿದ್ದು. ಅಪ್ಪನೂ "ಇನ್ನೊಂದು ತಂದು ಹಾಕೋ ಮಾರಾಯ, ಅಮ್ಮನ್ನ ಶಿವಮೊಗ್ಗಕ್ಕೆ ಚೆಕಪ್ಪಿಗೆ ಕರ್ಕೊಂಡು ಹೋಗೋ ದಿನ ಕೈಕೊಟ್ರೆ ಏನ್ ಮಾಡ್ತೀಯ?" ಅಂದರು. ಅವರ ಆತಂಕ ಸರಿಯೇ. ಆದರೆ ಸೋರುವ ಕೊಡಕ್ಕೆ ಮತ್ತೆ ಮತ್ತೆ ನೀರು ತುಂಬಿಸಿದರೆ ಆಗುವುದಷ್ಟೇ. ಸೀಸ-ಆಮ್ಲದ ಬ್ಯಾಟರಿ ಪೂರ್ತಿ ಇಳಿದು ಹಾಗೇ ಬಿದ್ದಿದ್ದರೆ ಅದರ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬರುವುದಿಲ್ಲ. ಹೊಸದನ್ನೂ ಹೀಗೆ ಕೊಲ್ಲುವುದು ನನಗೆ ಬೇಕಿರಲಿಲ್ಲ.

ಮೊದಲು ಬ್ಯಾಟರಿಯದೇ ತಪ್ಪೋ ಅಲ್ಲವೋ ಎಂದು ತಿಳಿಯಬೇಕಿತ್ತು. ಹಾಗಾಗಿ ವಾರದ ಮಧ್ಯೆ ಪೂರ್ತಿ ಚಾರ್ಜ್ ಮಾಡಿಸಿ, ನೆಗೆಟಿವ್ ಕೇಬಲ್ ಕಳಚಿ, ಎರಡು ರಾತ್ರಿ ಸುಮ್ಮನೆ ಬಿಟ್ಟಿದ್ದೆ. ಇವತ್ತು ನೋಡಿದರೆ 12.6 ವೋಲ್ಟ್, ಹಾಗೇ ಇದೆ. ಇದೇ ಬ್ಯಾಟರಿ ಕೇಬಲ್ ಜೋಡಿಸಿಟ್ಟಿದ್ದಾಗ ಅಷ್ಟೇ ಹೊತ್ತಿನಲ್ಲಿ 12.1ಕ್ಕೆ ಇಳಿದಿತ್ತು. ನೋಡುವುದಕ್ಕೆ ಅರ್ಧ ವೋಲ್ಟಿನ ವ್ಯತ್ಯಾಸ, ಆದರೆ 12 ವೋಲ್ಟಿನ ಬ್ಯಾಟರಿಯಲ್ಲಿ 12.6 ಅಂದರೆ ತುಂಬಿದ್ದು, 12.1 ಅಂದರೆ ಅರ್ಧಕ್ಕಿಂತ ಕೆಳಗೆ. ಬ್ಯಾಟರಿ ಚೆನ್ನಾಗಿಯೇ ಇದೆ, ಕುಡಿಯುತ್ತಿರುವುದು ಕಾರು.

ಬ್ಯಾಟರಿಯ ಮೇಲ್ಭಾಗದಲ್ಲಿ ಆಮ್ಲದ ಜಿಡ್ಡು, ಧೂಳು, ತೇವ ಸೇರಿದರೂ ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ಸಣ್ಣಗೆ ಕರೆಂಟ್ ಹರಿಯುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅಡುಗೆ ಸೋಡಾದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿಸಿ, ಆಮೇಲೆ ವೋಲ್ಟ್, ಕರೆಂಟ್ ಅಳೆಯುವ ಮಲ್ಟಿಮೀಟರ್ ತೆಗೆದೆ.

ಅಳೆಯುವ ರೀತಿ ಸುಲಭ, ಆದರೆ ಎಚ್ಚರ ಬೇಕು. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮತ್ತು ಕಳಚಿದ ನೆಗೆಟಿವ್ ಕೇಬಲ್ ಇವೆರಡರ ನಡುವೆ ಮೀಟರನ್ನು ಸರಣಿಯಲ್ಲಿ ಸೇರಿಸಬೇಕು. ಕಾರಿಗೆ ಹೋಗುವ ಕರೆಂಟೆಲ್ಲ ಆಗ ಮೀಟರನ್ನು ದಾಟಿಯೇ ಹೋಗಬೇಕು. ಈ ಸ್ಥಿತಿಯಲ್ಲಿ ಕೀ ತಿರುಗಿಸಲೇ ಕೂಡದು. ಸೆಲ್ಫ್ ಮೋಟರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, ಮೀಟರಿನ ಫ್ಯೂಸ್ ಸುಟ್ಟರೆ ಪುಣ್ಯ, ಮೀಟರೇ ಸುಟ್ಟರೂ ಆಶ್ಚರ್ಯವಿಲ್ಲ. ಫ್ಯೂಸ್ ಬಾಕ್ಸ್ ಡ್ಯಾಶಿನ ಕೆಳಗಿರುವುದರಿಂದ ಬಾಗಿಲು ತೆರೆದಿಡಬೇಕು. ಒಳಗಿನ ದೀಪ ಉರಿದು ಲೆಕ್ಕ ತಪ್ಪಿಸದಿರಲೆಂದು ಬಾಗಿಲ ಚೌಕಟ್ಟಿನ ಸ್ವಿಚ್ಚನ್ನು ಟೇಪಿನಿಂದ ಒತ್ತಿ ಕಟ್ಟಿದೆ.

ಮೀಟರ್ 0.43 ಆಂಪಿಯರ್ ತೋರಿಸಿತು, ಅಂದರೆ 430 ಮಿಲಿಆಂಪ್.

ಇಂಥ ಹಳೆ ಕಾರಿನಲ್ಲಿ ಗಡಿಯಾರ, ಸ್ಟೀರಿಯೋ ನೆನಪು, ಎಂಜಿನ್ ನಿಯಂತ್ರಿಸುವ ಇಸಿಯು ಎಲ್ಲ ಸೇರಿ 50 ಮಿಲಿಆಂಪ್ ದಾಟಬಾರದು. ಇದು 430. ನಮ್ಮದು 35 ಆಂಪಿಯರ್-ಅವರಿನ ಬ್ಯಾಟರಿ, ಅಂದರೆ ಲೆಕ್ಕಕ್ಕೆ ಒಂದು ಆಂಪಿಯರಿನಂತೆ 35 ಗಂಟೆ ಕೊಡುವಷ್ಟು. ಭಾಗಿಸಿದರೆ 81 ಗಂಟೆ, ಮೂರೂವರೆ ದಿನಕ್ಕೂ ಸ್ವಲ್ಪ ಕಡಿಮೆ. ಪೂರ್ತಿ ಬರಿದಾಗುವ ಮೊದಲೇ ಸೆಲ್ಫ್ ಎತ್ತುವ ಬಲ ಹೋಗಿರುತ್ತದೆ. ಮೂರನೇ ದಿನದ ಟಕ್ ಟಕ್ ಸದ್ದಿಗೆ ಲೆಕ್ಕ ಸರಿಯಾಗಿ ಕೂಡಿತು. ಇಷ್ಟು ದಿನ ಯಾರೂ ಐದು ನಿಮಿಷ ಕೊಟ್ಟು ಈ ಒಂದು ಅಂಕಿ ನೋಡಿರಲಿಲ್ಲವಲ್ಲ ಎಂದು ಸಿಟ್ಟೂ ಬಂತು.

ಅಪ್ಪನನ್ನು ಮೀಟರ್ ನೋಡಲು ನಿಲ್ಲಿಸಿ ನಾನು ಒಂದೊಂದೇ ಫ್ಯೂಸ್ ಕಿತ್ತೆ. ಹೆಡ್‌ಲೈಟ್, ವೈಪರ್, ಹಾರ್ನ್: "ಹಾಗೇ ಇದೆ, ಹಾಗೇ ಇದೆ." ಒಳಗಿನ ದೀಪ, ಗಡಿಯಾರ, ಸ್ಟೀರಿಯೋ ಮೂರಕ್ಕೂ ಸೇರಿದ ಫ್ಯೂಸ್ ಕಿತ್ತಾಗ "ಇಳೀತು! ಸೊನ್ನೆ ಮೂರು ಎರಡು" ಅಂದರು. ಅಂದರೆ 110 ಮಿಲಿಆಂಪ್ ಇಲ್ಲಿ ಹೋಗುತ್ತಿತ್ತು. ಫ್ಯೂಸ್ ವಾಪಸ್ ಹಾಕಿ ಸ್ಟೀರಿಯೋ ಹೊರಗೆಳೆದು ಅದರ ಕನೆಕ್ಟರ್ ಕಳಚಿದಾಗಲೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಹಿಂದೆ ನೋಡಿದರೆ ಕೆಂಪು ಮತ್ತು ಹಳದಿ ತಂತಿಗಳನ್ನು ಒಟ್ಟಿಗೆ ತಿರುಚಿ ಟೇಪ್ ಸುತ್ತಿದ್ದಾರೆ. ಹಳದಿ ತಂತಿ ಸದಾ ಕರೆಂಟಿರುವ ಲೈನಿಗೆ ಹೋಗಬೇಕು, ಸ್ಟೇಷನ್ನುಗಳ ನೆನಪು ಉಳಿಯಲು. ಕೆಂಪು ತಂತಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಹೋಗಬೇಕು. ಎರಡನ್ನೂ ಸೇರಿಸಿದ್ದರಿಂದ ಮುಂದಿನ ಬಟನ್ ಒತ್ತಿ ಆರಿಸಿದರೂ ಸ್ಟೀರಿಯೋ ಪೂರ್ತಿ ಮಲಗುತ್ತಿರಲಿಲ್ಲ. ಕೀ ಇಲ್ಲದೆಯೂ ಹಾಡು ಬರಲಿ ಎಂದು ಎಷ್ಟೋ ಕಡೆ ಹೀಗೆ ಮಾಡಿಕೊಡುತ್ತಾರೆ. ದಯವಿಟ್ಟು ಯಾರೂ ಒಪ್ಪಬೇಡಿ. ತಂತಿ ಬೇರ್ಪಡಿಸಿ, ಕೆಂಪನ್ನು ನಮ್ಮ ಕಾರಿನಲ್ಲಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಸಿಗರೇಟ್ ಲೈಟರಿನ ಲೈನಿಗೆ ಬೆಸೆದೆ.

ಅಪ್ಪ ಇಷ್ಟಕ್ಕೇ ಸಮಾಧಾನಗೊಂಡಿದ್ದರು. ಆದರೆ ದೊಡ್ಡ ಪಾಲು, ಮುನ್ನೂರಕ್ಕೂ ಹೆಚ್ಚು ಮಿಲಿಆಂಪ್, ಇನ್ನೂ ಹರಿಯುತ್ತಲೇ ಇತ್ತು. ಮಿಕ್ಕ ಫ್ಯೂಸ್‌ಗಳನ್ನೆಲ್ಲ ಕಿತ್ತರೂ ಕದಲಲಿಲ್ಲ. ಆ ಪೆಟ್ಟಿಗೆಯನ್ನು ಮುಟ್ಟದೆ ಬ್ಯಾಟರಿಗೆ ನೇರವಾಗಿ ಸೇರಿರುವುದು ಇನ್ನೆರಡೇ: ಸೆಲ್ಫ್ ಮೋಟರು ಮತ್ತು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಬಾನೆಟ್ ಒಳಗೆ ಕೈ ಹಾಕಿ ಆಲ್ಟರ್ನೇಟರ್ ಮುಟ್ಟಿದೆ. ಎರಡು ದಿನದಿಂದ ಎಂಜಿನ್ ಓಡಿಲ್ಲ, ಬೆಳಿಗ್ಗೆ ಅಳೆಯಲು ಕೂತಾಗಿನಿಂದ ಮಾತ್ರ ಕರೆಂಟ್ ಹರಿದಿದೆ, ಸುತ್ತ ಎಲ್ಲವೂ ತಣ್ಣಗೆ ಕೊರೆಯುತ್ತಿದೆ, ಅದೊಂದು ಮಾತ್ರ ಎಳೆ ಬೆಚ್ಚಗಿತ್ತು! 0.32 ಆಂಪಿಯರ್ ಅಂದರೆ ನಾಲ್ಕು ವ್ಯಾಟ್ ಶಾಖ, ಅಂಗೈಗೆ ತಿಳಿಯಲು ಸಾಕು.

ಆಲ್ಟರ್ನೇಟರಿನಲ್ಲಿ ಹುಟ್ಟುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಅದನ್ನು ಒಂದೇ ದಿಕ್ಕಿನ ಡಿಸಿ ಮಾಡಿ ಬ್ಯಾಟರಿಗೆ ಕಳಿಸುವುದು ಡಯೋಡ್ ಪ್ಲೇಟ್. ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡಬೇಕು. ಅದು ಅರೆಬರೆ ಕೆಟ್ಟರೆ ಎಂಜಿನ್ ನಿಂತ ಮೇಲೆ ಬ್ಯಾಟರಿಯಿಂದ ಹಿಮ್ಮುಖವಾಗಿ ಒಳಗೆ ಹರಿಯುತ್ತದೆ. ಓಡುವಾಗ ಚಾರ್ಜಿಂಗ್ ಮಾತ್ರ ಸರಿಯಾಗಿಯೇ ಕಾಣುತ್ತದೆ. ನಮ್ಮದೂ 14.2 ವೋಲ್ಟ್ ಕೊಡುತ್ತಿತ್ತು, ಅದನ್ನು ನೋಡಿಯೇ ಎಲ್ಲರೂ ಆಲ್ಟರ್ನೇಟರನ್ನು ಬಿಟ್ಟು ಬ್ಯಾಟರಿಯನ್ನು ದೂರಿದ್ದು.

ಮೀಟರ್ ತೆಗೆದು, ಆಲ್ಟರ್ನೇಟರಿನ ಹಿಂದಿನ ದಪ್ಪ ತಂತಿ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆದೆ. 0.01. ಅಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

15 ಜುಲೈ, ಮಂಗಳವಾರ

ನಿನ್ನೆ ಆಲ್ಟರ್ನೇಟರ್ ಬಿಚ್ಚಿ ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ವಯಸ್ಸಾದವರು, ಕೈ ಬಹಳ ಶುದ್ಧ. ತಂತಿಗಳ ಬೆಸುಗೆ ಬಿಡಿಸಿ ಒಂದೊಂದೇ ಡಯೋಡಿಗೆ ಮೀಟರ್ ಹಿಡಿದರು. ಒಳ್ಳೆಯದು ಒಂದು ಕಡೆಯಿಂದ ಅರ್ಧ ವೋಲ್ಟಿನಷ್ಟು ತೋರಿಸುತ್ತದೆ, ತಂತಿ ಅದಲುಬದಲು ಮಾಡಿದರೆ ಏನೂ ತೋರಿಸುವುದಿಲ್ಲ. ಕೆಟ್ಟದ್ದು ಎರಡೂ ಕಡೆಯಿಂದ ಮಾತಾಡಿತು. "ನೋಡಿ ಸಾರ್, ಇದೊಂದೇ" ಎಂದು ನನಗೂ ಹಿಡಿದು ತೋರಿಸಿದರು. ಪ್ಲೇಟ್ ಪೂರ್ತಿ ಹೊಸದು ಹಾಕಿದರು, ಸವೆದಿದ್ದ ಕಾರ್ಬನ್ ಬ್ರಷ್ಷನ್ನೂ ಬದಲಿಸಿದರು.

ನಿನ್ನೆ ಸಂಜೆಯೇ ಕೂರಿಸಿದೆ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಮೇಲೆ ಎಸಿ ವೋಲ್ಟೇಜನ್ನೂ ಅಳೆದೆ, ಅರ್ಧ ವೋಲ್ಟ್ ದಾಟಿದರೆ ಡಯೋಡ್ ಬಗ್ಗೆ ಅನುಮಾನ ಪಡಬೇಕು. ಅದರ ಹತ್ತಿರಕ್ಕೂ ಬರಲಿಲ್ಲ. ನಿಂತ ಕಾರಿನ ಸೋರಿಕೆ ಈಗ 14 ಮಿಲಿಆಂಪ್. ಲೆಕ್ಕದ ಪ್ರಕಾರ ನೂರು ದಿನ. ಬ್ಯಾಟರಿ ತಾನಾಗಿಯೇ ಇಳಿಯುವುದೂ ಇದೆಯಲ್ಲ, ಹಾಗಾಗಿ ವಾರಕ್ಕೊಮ್ಮೆ ಆಗುಂಬೆ ಕಡೆಗೋ ಮಂಡಗದ್ದೆ ಕಡೆಗೋ ಓಡಿಸುವುದು ಇದ್ದೇ ಇದೆ. ಶುಕ್ರವಾರ ಶಿವಮೊಗ್ಗಕ್ಕೆ ಅಮ್ಮನ ಚೆಕಪ್ ಇದೆ, ಬಾಡಿಗೆ ಗಾಡಿ ಬೇಡ ಎಂದು ಹೇಳಿಯಾಯಿತು.

ಕಾರಿನ ಸರ್ವಿಸ್ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಖು, 14 ಮಿಲಿಆಂಪ್, 12.6 ವೋಲ್ಟ್ ಎಂದು ಬರೆದಿಟ್ಟಿದ್ದೇನೆ. ಮುಂದೆ ಯಾರು ಅಳೆದರೂ ಹೋಲಿಸಲು ಒಂದು ಅಂಕಿ ಇರುತ್ತದೆ.