ಕತ್ತಿನ ನಟಿಕೆ ತೆಗೆಸಬೇಡಿ

ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದು ಊತ ತರುವ ಕಾಯಿಲೆ) ಇದ್ದರೆ ಕ್ಷೌರದಂಗಡಿಯಲ್ಲಿ ಕೂತೊಡನೆ ಹೇಳಿಬಿಡಿ: ಕತ್ತು ತಿರುಚಿ ಲಟಕ್ ಅನ್ನಿಸುವುದು ಬೇಡ. ಮೂಳೆ ಕೂರಿಸುವವರಿಗೂ ಅದೇ ಮಾತು. ಶೀರ್ಷಾಸನ, ಹಲಾಸನ, ಸರ್ವಾಂಗಾಸನಗಳನ್ನೂ ಬಿಡಿ.

ಈ ಕಾಯಿಲೆ ಬೆನ್ನುಮೂಳೆಯಲ್ಲಿ ಹೆಚ್ಚಾಗಿ ಹಿಡಿಯುವುದು ಕತ್ತನ್ನು, ಅದರಲ್ಲೂ ಬುರುಡೆಯ ಕೆಳಗಿನ ಮೊದಲೆರಡು ಮೂಳೆಗಳ ಕೀಲನ್ನು. ಎರಡನೆಯದರಿಂದ ಮೇಲೆದ್ದ ಗೂಟ ಮೊದಲನೆಯದರ ಬಳೆಯೊಳಗೆ ನಿಂತಿರುತ್ತದೆ. ಅದರ ಹಿಂದೆ ಅಡ್ಡಲಾಗಿ ಒಂದು ಲಿಗಮೆಂಟ್, ಅಂದರೆ ಮೂಳೆಗಳನ್ನು ಬಿಗಿದು ಹಿಡಿಯುವ ಪಟ್ಟಿ. ಊತ ವರ್ಷಗಟ್ಟಲೆ ಹತೋಟಿಗೆ ಬಾರದಿದ್ದರೆ ಈ ಲಿಗಮೆಂಟ್ ಸಡಿಲವಾಗುತ್ತದೆ, ಗೂಟವೂ ಸವೆಯುತ್ತದೆ. ಆಗ ತಲೆ ಬಗ್ಗಿಸಿದರೆ ಮೇಲಿನ ಮೂಳೆ ಮುಂದಕ್ಕೆ ಜಾರಿ ಬೆನ್ನುಹುರಿಯನ್ನು ಒತ್ತಬಹುದು.

ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಇದು ಕಾಣದೇ ಹೋಗಬಹುದು. ಪಕ್ಕದಿಂದ ಎರಡು ಬೇಕು: ಕತ್ತು ಬಗ್ಗಿಸಿ ಒಂದು, ಹಿಂದಕ್ಕೆ ಚಾಚಿ ಒಂದು. ಬಗ್ಗುವುದು ನೀವೇ, ಆದಷ್ಟು ಮಾತ್ರ, ಯಾರೂ ತಳ್ಳಕೂಡದು. ದೊಡ್ಡವರಲ್ಲಿ ಬಳೆಗೂ ಗೂಟಕ್ಕೂ ನಡುವಿನ ಸಂದು 3 ಮಿ.ಮೀ. ದಾಟಿದರೆ ಸಹಜವಲ್ಲ. ಗೂಟದ ಹಿಂದೆ ಬೆನ್ನುಹುರಿಗಿರುವ ಜಾಗ 14 ಮಿ.ಮೀ.ಗಿಂತ ಕಡಿಮೆಯಿದ್ದರೆ ಎಂಆರ್‌ಐ ಮಾಡಿಸಿ ಬೆನ್ನುಮೂಳೆ ಸರ್ಜನ್‌ಗೆ ತೋರಿಸಬೇಕು.

ನೋವಿನ ಲೆಕ್ಕ ನಂಬುವಂಥದ್ದಲ್ಲ. ನೋವೇ ಇಲ್ಲದೆಯೂ ಕೀಲು ಜಾರಿರಬಹುದು. ತಲೆ ಬಗ್ಗಿಸಿದಾಗ ಬೆನ್ನಿನುದ್ದ ಕರೆಂಟ್ ಹೊಡೆದಂತಾದರೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆರಳಿನ ತೊಡಕನ್ನು ಕೈಗಂಟಿನ ಊತದ ತಲೆಗೆ ಕಟ್ಟಿ ಸುಮ್ಮನಾಗುವವರೇ ಹೆಚ್ಚು.

ಮೆತ್ತನೆ ಕಾಲರ್ ನೋವಿಗೆ ಸ್ವಲ್ಪ ಆರಾಮ ಕೊಡುತ್ತದೆ, ಜಾರುವುದನ್ನು ತಡೆಯುವುದಿಲ್ಲ. ಸದಾ ಹಾಕಿದರೆ ಸ್ನಾಯು ಸೊರಗುತ್ತದೆ. ಕೀಲು ಭದ್ರವಾಗಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಅಂಗೈಯನ್ನು ಹಣೆಗೆ, ಬಳಿಕ ಪಕ್ಕಗಳಿಗೆ ಕೊಟ್ಟು, ತಲೆ ಕದಲದಂತೆ 5 ಸೆಕೆಂಡ್ ಮೆಲ್ಲಗೆ ಒತ್ತಿ. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ.

ಕತ್ತನ್ನು ನಿಜಕ್ಕೂ ಕಾಯುವುದು ಊತ ತಗ್ಗಿಸುವ ಔಷಧ. ಅಂಥ ಒಂದು ಔಷಧವಾದ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಯಾವ ದಿನ ಎಂಬುದನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ.

ಸೊಂಟನೋವಿನ ಕತೆ ಬೇರೆ. ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಕೊಡ ಎತ್ತಿದಾಗ ಬೆನ್ನಲ್ಲಿ ದಿಢೀರ್ ನೋವು ಬಂದರೆ ಟೊಳ್ಳಾದ ಮೂಳೆ ಕುಸಿದಿರಬಹುದು.

ಇನ್ನು ಆಪರೇಷನ್. ಮಂಡಿಯದ್ದೇ ಇರಲಿ, ಕಣ್ಣಿನದ್ದೇ ಇರಲಿ, ಅರಿವಳಿಕೆ ಡಾಕ್ಟರಿಗೆ ಕಾಯಿಲೆಯ ಹೆಸರು ಹೇಳಿ, ಕತ್ತಿನ ಎಕ್ಸ್‌ರೇ ಕೈಗೆ ಕೊಡಿ. ಉಸಿರಿನ ಕೊಳವೆ ಹಾಕುವಾಗ ಅವರು ನಿಮ್ಮ ತಲೆಯನ್ನು ಹಿಂದಕ್ಕೆ ವಾಲಿಸಬೇಕಾಗಬಹುದು, ಪ್ರಜ್ಞೆ ತಪ್ಪಿದ ಮೇಲೆ ‘ಸಾಕು’ ಅನ್ನಲು ನಿಮಗೆ ಆಗುವುದಿಲ್ಲ.